ಗೌಡರು ಎದ್ದು ಹೋಗುವ ಹೊತ್ತು

ಕಳೆದ ತಿಂಗಳು ಕಾಲೇಜು ಮೈದಾನದ ಪಕ್ಕದಲ್ಲಿ ಶಾಮಿಯಾನ ಹಾಕಿ ಅವರಿಗೆ ಸಂತಾಪ ಸಭೆ ಮಾಡಿದರು. ಮಾತಾಡಿದವರೆಲ್ಲ ಒಬ್ಬರ ಹಿಂದೊಬ್ಬರು ಅವರನ್ನು ಶಾಂತ ಸ್ವಭಾವದವರು, ಸಿಟ್ಟೆಂದರೆ ಏನೆಂದೇ ಗೊತ್ತಿಲ್ಲದವರು ಎಂದು ಹೊಗಳಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ ನನಗೆ ನಗು ತಡೆಯುವುದೇ ಕಷ್ಟವಾಯಿತು. ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕು, ಒಪ್ಪುತ್ತೇನೆ. ಆದರೆ ಒಬ್ಬ ಮನುಷ್ಯ ಅರ್ಧ ಆಯುಷ್ಯ ತನ್ನ ಸಿಟ್ಟನ್ನು ಕಟ್ಟಿಹಾಕಿಕೊಂಡು ಬದುಕಿದ್ದನ್ನು ಸ್ವಭಾವ ಎಂದು ಕರೆದರೆ, ಅದು ಅವರು ಪಟ್ಟ ಪಾಡಿಗೆ ಮಾಡಿದ ಅವಮಾನ.

ಹೆಸರು ಬರೆಯುವುದಿಲ್ಲ. ಎಲ್ಲರಿಗೂ ಅವರು ಗೌಡರು, ಅಷ್ಟೆ. ಯಾವುದೋ ಕಾಲದಲ್ಲಿ ಕರ್ನಾಟಕದಿಂದ ಬಂದು ವಯನಾಡಿನಲ್ಲಿ ನೆಲೆ ನಿಂತ ಜೈನ ಮನೆತನ, ಸ್ವಲ್ಪ ಕಾಫಿ, ಸ್ವಲ್ಪ ಮೆಣಸು. ನಾನು ಗುಂಡ್ಲುಪೇಟೆ ಕಡೆಯವಳು. ಮದುವೆಯಾಗಿ ಮುತ್ತಂಗದ ಚೆಕ್‌ಪೋಸ್ಟ್ ದಾಟಿ ಈಚೆ ಬಂದು, ಮೀನಂಗಡಿಗೆ ಹತ್ತಿರದ ಈ ಕಾಲೇಜಿನಲ್ಲಿ ಲೈಬ್ರೇರಿಯನ್ ಆದೆ. ನನ್ನ ಲೈಬ್ರರಿಯ ಜಗುಲಿ ಮೈದಾನಕ್ಕೆ ತಾಗಿಕೊಂಡೇ ಇತ್ತು. ಜಗುಲಿಯ ಮುಂದೆ ಒಂದು ಮೋಟು ಗೋಡೆ. ಆ ಗೋಡೆಯ ಮೇಲೆ ಕಾಲೇಜು ಫುಟ್‌ಬಾಲ್ ತಂಡದ ಅಭಿಮಾನಿಗಳ ದರ್ಬಾರು. ಪುಸ್ತಕ ಕೇಳಿ ಬರುವವರಿಗಿಂತ ಆ ಗೋಡೆಯವರ ಗಲಾಟೆಯೇ ಹೆಚ್ಚಿದ್ದರಿಂದ, ಕೊನೆಗೆ ನಾನೂ ಹೋಗಿ ಅಲ್ಲೇ ಕೂತೆ. ಬೈದುಕೊಂಡು ಕೇಳುವುದಕ್ಕಿಂತ ನೋಡಿಕೊಂಡು ಕೇಳುವುದು ಮೇಲು ಅನ್ನಿಸಿತ್ತು.

ಗೋಡೆಯ ಮೇಲೆ ಎಲ್ಲರ ಮಾತೂ ಮಲಯಾಳ. ಗೌಡರು ನನ್ನೊಡನೆ ಮಾತ್ರ ಕನ್ನಡ ಆಡುತ್ತಿದ್ದರು, ಅದೂ ಪ್ರತಿ ಸಲ ಅಲ್ಲ. ವಾದ ಮಾಡುವಾಗ ಮಲಯಾಳ, ಚಿಂತೆಯಾದಾಗ ಕನ್ನಡ. ಅವರ ಬಾಯಲ್ಲಿ ಕನ್ನಡ ಬಂತೆಂದರೆ ನಮ್ಮ ತಂಡ ಕಷ್ಟದಲ್ಲಿದೆ ಎಂದು ಮೈದಾನದ ಕಡೆ ನೋಡದೆಯೇ ಹೇಳಬಹುದಿತ್ತು.

ಬಿಳಿ ಪಂಚೆ, ತೋಳು ಮಡಿಸಿದ ಬಿಳಿ ಅಂಗಿ, ಮಳೆಯಿರಲಿ ಬಿಡಲಿ ಮೊಣಕಾಲ ಮೇಲೆ ಅಡ್ಡಡ್ಡ ಇಟ್ಟುಕೊಂಡ ಕರಿ ಕೊಡೆ. ಬೆಳಿಗ್ಗೆ ತೋಟಕ್ಕೆ ಹೋಗುವ ಮೊದಲು ಮೈದಾನದಲ್ಲಿ ಒಂದು ಸುತ್ತು ನಡೆದು ಮುಳ್ಳು, ಗಾಜಿನ ಚೂರು ಹೆಕ್ಕುವರು. ಮಳೆಗಾಲದಲ್ಲಿ ಗೋಲಿನ ಬಾಯಿ ಕೆಸರಾದರೆ ಮನೆಯಿಂದ ಮೂಟೆಗಟ್ಟಲೆ ಕಾಫಿ ಹೊಟ್ಟು ತರಿಸಿ ಸುರಿಸುವರು. ಗೋಡೆಯ ಮೂಲೆಯಲ್ಲಿ ಚಹಾದ ಅಂಗಡಿ ಇಟ್ಟಿದ್ದವನು ಸಂಜೆ ಹೊತ್ತು ಎಲ್ಲರಿಗೂ ಬೇಯಿಸಿದ ಮರಗೆಣಸು ಹಂಚುತ್ತ, ಗೌಡರ ಮುಂದೆ ಬೇಕೆಂದೇ ತಟ್ಟೆ ಹಿಡಿದು ಕಾಡಿಸುವನು. ಅವರು ನೆಲದೊಳಗೆ ಬೆಳೆದ ಗೆಡ್ಡೆ ಮುಟ್ಟುವವರಲ್ಲ. ತಟ್ಟೆಯನ್ನು ಎರಡೂ ಕೈಯಲ್ಲಿ ಮರ್ಯಾದೆಯಿಂದ ತೆಗೆದುಕೊಂಡು ಪಕ್ಕದವನಿಗೆ ದಾಟಿಸುವರು. ಇಷ್ಟು ವರ್ಷವಾದರೂ ಇಬ್ಬರಿಗೂ ಆ ಆಟ ಬೇಸರವಾಗಿರಲಿಲ್ಲ.

ಇನ್ನೊಂದು ಅಭ್ಯಾಸ ಎಲ್ಲರಿಗೂ ಗೊತ್ತಿದ್ದದ್ದು. ಸೂರ್ಯ ಮುಳುಗಿದ ಮೇಲೆ ಅವರು ಊಟ ಮಾಡುತ್ತಿರಲಿಲ್ಲ. ನಮ್ಮಲ್ಲಿ ಪಂದ್ಯ ಶುರುವಾಗುವುದು ನಾಲ್ಕಕ್ಕೆ. ಮುಗಿಯುವಷ್ಟರಲ್ಲಿ ಸೂರ್ಯ ಪಡುವಣ ಗುಡ್ಡಕ್ಕೆ ತಾಗಿರುತ್ತಾನೆ. ಹಾಗಾಗಿ ಇನ್ನು ಹತ್ತು ನಿಮಿಷ ಇದೆ ಅನ್ನುವಾಗ ಗೌಡರು ಕೊಡೆ ಹಿಡಿದು ಏಳುವರು, "ಹೊತ್ತಾಯ್ತು" ಅನ್ನುವರು, ಹೋಗುವರು. ಯಾವ ಪಂದ್ಯದ ಕೊನೆಯನ್ನೂ ನೋಡದ ಅಭಿಮಾನಿ ಎಂದು ಎಲ್ಲರೂ ತಮಾಷೆ ಮಾಡುವರು. ವ್ರತದ ವಿಷಯವಾದ್ದರಿಂದ ತಮಾಷೆ ಅಲ್ಲಿಗೇ ನಿಲ್ಲುತ್ತಿತ್ತು.

ಅದು ಪೂರ್ತಿ ನಿಜವಲ್ಲ ಎಂದು ಗೊತ್ತಿದ್ದವಳು ನಾನೊಬ್ಬಳೇ. ಮನೆ ಹತ್ತಿರವಿದ್ದಾಗ ಅವರು ಊಟಕ್ಕೇ ಎದ್ದು ಹೋಗುತ್ತಿದ್ದರೇನೋ. ಆದರೆ ಮನೆಯವರು ತೋಟದ ಆಚೆ ಹೊಸ ಮನೆ ಕಟ್ಟಿಕೊಂಡು ದೂರ ಹೋದ ಮೇಲೆ, ಹೊತ್ತಿಗೆ ಮುಂಚೆ ಮನೆ ಮುಟ್ಟುವುದು ಆಗದ ಮಾತು. ಆವತ್ತಿನಿಂದ ಅವರು ಸ್ಟೀಲ್ ಡಬ್ಬಿ ತರುತ್ತಿದ್ದರು. ಅರ್ಧ ಆಟ ಮುಗಿದಾಗ ನನ್ನ ಜಗುಲಿಯ ಹಿಂಬದಿಗೆ ಹೋಗಿ ಚಪಾತಿ, ಬಾಳೆಕಾಯಿ ಪಲ್ಯ ತಿಂದು, ನಲ್ಲಿಯಲ್ಲಿ ಡಬ್ಬಿ ತೊಳೆದು ವಾಪಸು ಬರುವರು. ಹೊಟ್ಟೆ ತುಂಬಿದ ಮನುಷ್ಯ ಊಟಕ್ಕೆಂದು ಎದ್ದು ಹೋಗುವುದು ಯಾವ ಲೆಕ್ಕ? ಒಂದು ದಿನ ಹಿಂದೆಯೇ ಹೋಗಿ ನೋಡಿದೆ. ಗೌಡರು ಎಲ್ಲಿಗೂ ಹೋಗಿರಲಿಲ್ಲ. ಲೈಬ್ರರಿಯ ಹಿಂದಿನ ನೀರಿನ ಟ್ಯಾಂಕಿಗೆ ಒರಗಿ, ಮೈದಾನಕ್ಕೆ ಬೆನ್ನು ಮಾಡಿ ನಿಂತು, ಕಿವಿ ಮಾತ್ರ ಇತ್ತ ಕೊಟ್ಟಿದ್ದರು. ಕೊನೆಯ ಸೀಟಿ ಊದಿದ ಮೇಲೆ ಕೊಡೆ ಬಿಡಿಸಿಕೊಂಡು ಬಸ್ಸಿಗೆ ನಡೆದರು.

ಕೇಳದೆ ಬಿಡುವ ಜಾತಿಯವಳಲ್ಲ ನಾನು. ಮಾರನೆಯ ದಿನವೇ ಕೇಳಿದೆ. ಕೊಡೆಯ ಹಿಡಿ ತಿರುಗಿಸುತ್ತ ಹೇಳಿದರು. ವಯಸ್ಸಿನಲ್ಲಿದ್ದಾಗ ಒಂದು ಫೈನಲ್‌ನ ಕೊನೆಯ ನಿಮಿಷದಲ್ಲಿ ನಮ್ಮ ಗೋಲ್‌ಕೀಪರ್ ಸುಲಭದ ಚೆಂಡನ್ನು ಕೈಚೆಲ್ಲಿದ. ಗೋಲಿನ ಹಿಂದೆ ನಿಂತಿದ್ದ ಇವರು ಅವನಿಗೆ ಒಂದು ಮಾತು ಅಂದರು. ಯಾವ ಮಾತೆಂದು ನನಗೆ ಹೇಳಲಿಲ್ಲ, ಅವನ ತಾಯಿಯನ್ನು ಸೇರಿಸಿ ಅಂದದ್ದು ಎಂದಷ್ಟೇ ಹೇಳಿದರು. ಆ ಹುಡುಗ ಮತ್ತೆ ಮೈದಾನಕ್ಕೆ ಇಳಿಯಲಿಲ್ಲ. ಇವರು ಅವನ ಮನೆಗೆ ಎರಡು ಸಲ ಹೋದರು, ಎರಡು ಸಲವೂ ಅವನು ಹೊರಗೆ ಬರಲಿಲ್ಲ.

"ನೊಣ ಹೊಡೆಯೋಕೂ ಹಿಂದೆ ಮುಂದೆ ನೋಡೋ ಮನೇಲಿ ಹುಟ್ಟಿದೋನು ನಾನು, ಟೀಚರಮ್ಮ. ಕೊನೇ ಹತ್ತು ನಿಮಿಷ ಕಣ್ಣಲ್ಲಿ ನೋಡಿದ್ರೆ ಬಾಯಿ ನನ್ನ ಮಾತು ಕೇಳಲ್ಲ. ಅದಕ್ಕೇ ದೂರ ನಿಂತ್ಕೊತೀನಿ."

ಊಟದ ನೆಪವನ್ನು ಯಾರೂ ಪ್ರಶ್ನೆ ಮಾಡುವುದಿಲ್ಲ, ಅದು ಅವರಿಗೆ ಅನುಕೂಲವಾಗಿತ್ತು. ನಾನು ಯಾರಿಗೂ ಹೇಳುವುದಿಲ್ಲ ಎಂದೆ.

ಈಗ ಹೇಳಬೇಕಾದದ್ದು ಆ ಕೆಟ್ಟ ವರ್ಷದ ಕಥೆ. ಅಂತರ ಕಾಲೇಜು ಲೀಗಿನಲ್ಲಿ ನಮ್ಮ ತಂಡ ಒಂದೇ ರೀತಿಯಲ್ಲಿ ಸೋಲುತ್ತಿತ್ತು. ಚೆನ್ನಾಗಿಯೇ ಆಡುವುದು, ಮುಂದೆಯೂ ಇರುವುದು, ಕೊನೆಯ ಹತ್ತು ನಿಮಿಷದಲ್ಲಿ ಕುಸಿಯುವುದು. ಪಟ್ಟಿಯ ತಳಕ್ಕೆ ಬಂದು ಕೂತೆವು. ಕೆಳಗಿನ ಗುಂಪಿಗೆ ಬಿದ್ದರೆ ಸ್ಪೋರ್ಟ್ಸ್ ಹಾಸ್ಟೆಲ್ ಮುಚ್ಚುವುದಾಗಿ ಪ್ರಿನ್ಸಿಪಾಲರು ನೋಟಿಸ್ ಹಾಕಿದರು. ನಮ್ಮ ಗೋಲ್‌ಕೀಪರ್ ಆ ಹಾಸ್ಟೆಲ್ಲಿನಲ್ಲೇ ಇದ್ದವನು. ಮುತ್ತಂಗದ ಕಾಡಿನೊಳಗಿನ ಹಾಡಿಯವನು, ಕೊನೆಯ ವರ್ಷದ ಬಿ.ಎ. ಅವನ ಮನೆಮಾತೂ ಕನ್ನಡವೇ, ಆ ಹಾಡಿಯವರು ಆಡುವ ಕನ್ನಡ. ಅವನ ಮನೆಯಿಂದ ಬಸ್ಸಿನ ದಾರಿಗೆ ಬರಬೇಕಾದರೆ ಆನೆ ತಿರುಗುವ ಹಾದಿ. ಸಂಜೆ ತಡವಾಗಿ ಆ ಹಾದಿಯಲ್ಲಿ ನಡೆಯುವುದನ್ನು ಯಾರೂ ಯೋಚಿಸುವುದಿಲ್ಲ. ಹಾಸ್ಟೆಲ್ ಹೋದರೆ ಅವನ ಓದೂ ಹೋದ ಹಾಗೆಯೇ.

ಉಳಿದದ್ದು ಒಂದೇ ಪಂದ್ಯ, ಚುರದ ಕೆಳಗಿನ ಒಂದು ಕಾಲೇಜಿನ ಮೇಲೆ. ಘಾಟಿಗೆ ನಾವು ಇಲ್ಲಿ ಚುರ ಅನ್ನುವುದು. ಡ್ರಾ ಆದರೂ ಸಾಕು, ಉಳಿಯುತ್ತೇವೆ. ಸೋತರೆ ಇಲ್ಲ.

ಗೋಡೆಯ ಮೇಲೆ ಒಂದು ವಾರ ಯುದ್ಧ. ಅದು ಸಾಲದೆ ಎಲ್ಲರ ಮೊಬೈಲಿನಲ್ಲೂ ಉದ್ದುದ್ದ ಧ್ವನಿ ಸಂದೇಶಗಳು. ತಂಡವನ್ನು ಹೊಸದಾಗಿ ಕಟ್ಟುವುದು ಹೇಗೆ ಎಂಬ ವಿಷಯದಲ್ಲಿ ಹತ್ತು ಜನಕ್ಕೆ ಹನ್ನೊಂದು ಅಭಿಪ್ರಾಯ. ಕೋಚ್ ಬದಲಾಗಬೇಕು, ಓಟ ಹೆಚ್ಚಿಸಬೇಕು, ಮೂರನೇ ವರ್ಷದವರನ್ನೆಲ್ಲ ಕೂರಿಸಿ ಮೊದಲ ವರ್ಷದವರನ್ನು ಇಳಿಸಬೇಕು. ಎಲ್ಲರಿಗಿಂತ ಗಟ್ಟಿ ದನಿ ಆಟೋ ಓಡಿಸುವ ಒಬ್ಬನದು. ಹಿಂದೆ ಇದೇ ತಂಡದಲ್ಲಿ ಎಡಗಡೆ ಆಡಿದವನು, ಅವನ ಮಾತಿಗೆ ತೂಕವಿತ್ತು. ಗೋಲ್‌ಕೀಪರನದೇ ದೋಷ ಎಂದು ಅವನ ತೀರ್ಮಾನ. ಎಂಬತ್ತು ನಿಮಿಷ ಬಂಡೆಯಂತೆ ನಿಲ್ಲುವವನು ಆಮೇಲೆ ಕೈಕಾಲು ಬಿಡುತ್ತಾನೆ, ಅದು ಎದೆಗಾರಿಕೆ ಇಲ್ಲದವರ ಲಕ್ಷಣ ಎಂದ. ಮೊದಲ ವರ್ಷದ ಇನ್ನೊಬ್ಬ ಗೋಲ್‌ಕೀಪರ್ ಇದ್ದಾನೆ, ಅವನನ್ನು ಇಳಿಸಲಿ ಎಂದ.

ಗೌಡರು ಒಪ್ಪಲಿಲ್ಲ. ತಮ್ಮ ತೋಟದ ಕಥೆ ತೆಗೆದರು. ಒಂದು ವರ್ಷ ಎಲೆ ಹಳದಿಯಾದ ಮೆಣಸಿನ ಬಳ್ಳಿಯನ್ನೆಲ್ಲ ಕಿತ್ತು ಹೊಸ ಬಳ್ಳಿ ನೆಟ್ಟರಂತೆ. ಅವೂ ಹಳದಿಯಾದವು. ಕೊನೆಗೆ ಅಗೆದು ನೋಡಿದರೆ ಬುಡದಲ್ಲಿ ನೀರು ನಿಂತಿತ್ತು. ನೀರು ಎಲ್ಲಿ ನಿಂತಿದೆ ಎಂದು ಮೊದಲು ನೋಡಿ ಎಂದರು.

ಆಟೋದವನು ಮೆಣಸಿನ ಬಳ್ಳಿಯ ಮಾತಿಗೆ ಮಣಿಯುವವನಲ್ಲ. ಮೂರನೆಯ ದಿನ ಪ್ರಿನ್ಸಿಪಾಲರಿಗೆ ಒಂದು ಅರ್ಜಿ ಬರೆದು ತಂದ. ಗೋಲ್‌ಕೀಪರನ್ನು ಬದಲಿಸಬೇಕು, ಕೆಳಗೆ ಎಲ್ಲರ ಸಹಿ. ಮೊದಲ ಸಾಲು ಖಾಲಿ ಬಿಟ್ಟಿದ್ದ, ಹಿರಿಯರೆಂದು ಗೌಡರಿಗೆ. ಅವರ ಸಹಿ ಇಲ್ಲದ ಕಾಗದಕ್ಕೆ ಬೆಲೆಯಿಲ್ಲ ಎಂದು ಅವನಿಗೆ ಗೊತ್ತಿತ್ತು. ಗೌಡರು ಕಾಗದ ಮಡಿಸಿ ಜೇಬಿಗೆ ಹಾಕಿಕೊಂಡು, ನೋಡೋಣ ಎಂದರು. ಎರಡು ದಿನ ನೋಡುತ್ತಲೇ ಇದ್ದರು. ಗೋಡೆಯ ಮೇಲೆ ಅವರ ಪಕ್ಕ ಕೂರುವವರು ಕಮ್ಮಿಯಾದರು. ಚಹಾದವನು ಮರಗೆಣಸಿನ ತಟ್ಟೆ ಅವರ ಮುಂದೆ ಹಿಡಿಯುವುದನ್ನೂ ಬಿಟ್ಟ. ನನಗೆ ಅದು ಎಲ್ಲಕ್ಕಿಂತ ಕೆಟ್ಟದಾಗಿ ಕಂಡಿತು.

ಪಂದ್ಯದ ಹಿಂದಿನ ದಿನ ಆ ಹುಡುಗ ಲೈಬ್ರರಿಗೆ ಬಂದ. ಇಟ್ಟುಕೊಂಡಿದ್ದ ಪುಸ್ತಕಗಳನ್ನೆಲ್ಲ ಒಟ್ಟಿಗೆ ವಾಪಸು ಮಾಡಿದ. ಪರೀಕ್ಷೆಗೆ ಇನ್ನೂ ತಿಂಗಳುಗಳಿವೆ, ಯಾಕಪ್ಪಾ ಎಂದೆ. ಅರ್ಜಿಯ ವಿಷಯ ಹಾಸ್ಟೆಲ್ಲಿಗೂ ಮುಟ್ಟಿತ್ತು. ಜಗುಲಿಯಲ್ಲಿದ್ದ ಗೌಡರನ್ನು ನಾನೇ ಒಳಗೆ ಕರೆದೆ. ಅವರು ಎದುರಿನ ಬೆಂಚಿನಲ್ಲಿ ಕೂತು, ಸುತ್ತಿಬಳಸದೆ ಕೇಳಿದರು, ಕೊನೇ ಹತ್ತು ನಿಮಿಷದಲ್ಲಿ ನಿನಗೆ ಏನಾಗುತ್ತೆ?

ಹುಡುಗ ತಲೆ ಎತ್ತಲಿಲ್ಲ. ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತ ಹೇಳಿದ:

"ನೀವ್ ಎದ್ದು ಹೋಯ್ತೀರಲ್ಲ ಗೌಡ್ರೇ. ಗೋಲಿಂದ ನೋಡಿದ್ರೆ ಆ ಗೋಡೆ ನೇರ ಕಾಣ್ತದೆ. ನೀವ್ ಕೊಡೆ ಎತ್ತಿದ್ರೆ ಕಳಿ ತೀರ್ತು ಅಂತ ನಮ್ಗೆ. ಇಷ್ಟು ವರ್ಷ ಕಳಿ ನೋಡಿದೋರು, ಇನ್ನು ಏನೂ ಇಲ್ಲ ಅಂತ ಗೊತ್ತಾಗೇ ಹೋಯ್ತಾರೆ ಅಂತ. ನಾನ್ ಒಬ್ನೇ ಅಲ್ಲ, ಹಿಂದೆ ಆಡೋರೆಲ್ಲ ನೋಡ್ತಾರೆ."

ಆಟಕ್ಕೆ ಕಳಿ ಅನ್ನುವುದು ಮಲಯಾಳ. ಅದು ನಮ್ಮೆಲ್ಲರ ಕನ್ನಡದೊಳಗೂ ಸೇರಿಹೋಗಿದೆ. ಆದರೆ ಆ ಮಾತನ್ನು ಆ ದಿನ ಕೇಳಿದಷ್ಟು ಭಾರವಾಗಿ ನಾನು ಎಂದೂ ಕೇಳಿರಲಿಲ್ಲ. ಅವರಿಗೆ ಊಟದ ವ್ರತ ಇದೆಯಪ್ಪ ಎಂದು ನಾನು ನಡುವೆ ಬಾಯಿ ಹಾಕಿದೆ. ಅವನು ನನ್ನನ್ನು ಪಾಪ ಎನ್ನುವ ಹಾಗೆ ನೋಡಿದ. ಹಾಡಿಯಿಂದ ಬಂದವನಿಗೆ, ಹಾಸ್ಟೆಲ್ಲಿನ ಉಳಿದವರಿಗೆ, ಜೈನರ ಮನೆಯ ಊಟದ ಹೊತ್ತು ಯಾರು ಹೇಳಿದ್ದರು? ಗೋಡೆಯವರು ಎಲ್ಲರಿಗೂ ಗೊತ್ತು ಅಂದುಕೊಂಡದ್ದು ಗೋಡೆಯ ಮೇಲಿದ್ದವರಿಗೆ ಮಾತ್ರ ಗೊತ್ತಿತ್ತು.

ಗೌಡರ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಹುಡುಗ ಹೋದ ಮೇಲೆ ಜೇಬಿನಿಂದ ಅರ್ಜಿ ತೆಗೆದು, ಬಿಡಿಸಿ, ಖಾಲಿ ಮೊದಲ ಸಾಲನ್ನೇ ನೋಡುತ್ತ ಕೂತರು.

"ನೀರು ನಾನೇ ನಿಲ್ಲಿಸಿದ್ದೆ ಕಣಮ್ಮ," ಎಂದರು.

ಮರುದಿನ ಮೈದಾನ ತುಂಬಿತ್ತು. ಮೊದಲ ಅರ್ಧದಲ್ಲಿ ನಾವು ಒಂದು ಗೋಲು ಹೊಡೆದೆವು, ಅವರೂ ಒಂದು ಹೊಡೆದರು. ಬಿಡುವಿಗೆ ಸೀಟಿ ಊದಿದ್ದೇ ತಡ, ಆಟೋದವನು ಕೋಚ್ ಹತ್ತಿರ ಹೋಗಿ ಈಗಲೇ ಗೋಲ್‌ಕೀಪರನ್ನು ಬದಲಿಸಿ ಎಂದು ಹಿಡಿದುಕೊಂಡ. ಕೋಚ್ ಹೆದರಿದ್ದರು, ಒಪ್ಪುವ ಹಾಗೆ ಕಂಡರು. ಗೌಡರು ಡಬ್ಬಿಯ ಚೀಲ ನನ್ನ ಕೈಗೆ ಕೊಟ್ಟು ಗೋಡೆಯಿಂದ ಇಳಿದರು. ಬಿಡುವು ಪೂರ್ತಿ ಅಲ್ಲೇ ಗೆರೆಯ ಬಳಿ ನಿಂತು ವಾದ ಮಾಡಿದರು. ದೂರಕ್ಕೆ ಮಾತು ಕೇಳಿಸಲಿಲ್ಲ, ಕೊಡೆ ನೆಲಕ್ಕೆ ಬಡಿಯುವುದು ಕಾಣುತ್ತಿತ್ತು. ಕೊನೆಗೆ ಅರ್ಜಿಯನ್ನು ಆಟೋದವನ ಕೈಗೆ ಇಟ್ಟರು, ಮೊದಲ ಸಾಲು ಖಾಲಿಯಾಗಿಯೇ ಇತ್ತು. ವಾಪಸು ಬಂದು ಕೂರುವಷ್ಟರಲ್ಲಿ ಆಟ ಶುರುವಾಯಿತು. ಗೋಲಿನಲ್ಲಿ ಅದೇ ಹುಡುಗ. ಸೋತರೆ ಅವರು ಮತ್ತೆ ಈ ಗೋಡೆ ಹತ್ತುವ ಹಾಗಿಲ್ಲ ಎಂದು ಪಕ್ಕದವರು ದೂರ ಸರಿದು ಕೂತ ರೀತಿಯೇ ಹೇಳುತ್ತಿತ್ತು.

ಡಬ್ಬಿ ಇನ್ನೂ ನನ್ನ ತೊಡೆಯ ಮೇಲೆ ಇತ್ತು, ಭಾರವಾಗಿ. ಅವರು ಉಂಡಿರಲಿಲ್ಲ. ಗೌಡ್ರೇ, ಹಿಂದೆ ಹೋಗಿ ಎರಡು ತುತ್ತು ತಿಂದು ಬನ್ನಿ, ಹೊತ್ತಿದೆ ಎಂದೆ. ತಲೆಯಾಡಿಸಿದರು. ಈಗ ಎದ್ದರೆ ಅವನಿಗೆ ಕಾಣುತ್ತೆ ಎಂದರು.

ಆಟ ಮುಗಿಯುತ್ತ ಬಂತು. ಸೂರ್ಯ ಗುಡ್ಡದ ನೆತ್ತಿಗೆ ತಾಗಿದ. ಹೊತ್ತು ಬಂದಾಗ ಗೋಡೆಯ ಮೇಲಿದ್ದವರೆಲ್ಲ ಅಭ್ಯಾಸಬಲದಿಂದ ಇವರತ್ತ ತಿರುಗಿದರು. ಚಹಾದವನು ಮೆಲ್ಲಗೆ, ಗೌಡರೇ, ಹೊತ್ತಾಯ್ತಲ್ಲ ಎಂದು ನೆನಪಿಸಿದ. ಗಡಿಯಾರ ನನಗೂ ಇದೆ ಎಂದು ಇವರು ಮಲಯಾಳದಲ್ಲಿ ಹೇಳಿದರು. ಕೊಡೆಯನ್ನು ಎರಡೂ ಕೈಯಲ್ಲಿ ಹಿಡಿದು ಗೋಡೆಗೆ ಅಂಟಿ ಕೂತರು. ಅಷ್ಟು ದೂರದಿಂದ ಆ ಹುಡುಗ ಒಮ್ಮೆ ಇತ್ತ ನೋಡಿದ. ಬಿಳಿ ಅಂಗಿ ಇದ್ದಲ್ಲೇ ಇತ್ತು. ಅವನು ಕೈಗವಸು ಒಂದಕ್ಕೊಂದು ಬಡಿದುಕೊಂಡು ಗೋಲಿನ ನಡುವೆ ನಿಂತ.

ಚುರದ ಕೆಳಗಿನವರು ಇಡೀ ತಂಡವೇ ನಮ್ಮ ಗೋಲಿನ ಮುಂದೆ ಬಂದು ಬಿದ್ದಂತೆ ಬಂದರು. ಒಂದು ಕಾರ್ನರ್, ಮತ್ತೊಂದು. ಆಗ ಪಕ್ಕದಿಂದ ಕನ್ನಡ ಕೇಳಿಸಿತು, ತುಟಿ ಅಲುಗದ ಹಾಗೆ.

"ಟೀಚರಮ್ಮ, ನಂಗೆ ಆಗ್ತಿಲ್ಲ. ಕಣ್ಣು ಮುಚ್ಕೊಂಡಿದೀನಿ. ಏನಾಯ್ತು ಹೇಳ್ತಾ ಇರು. ಮೆಲ್ಲಗೆ."

ತಿರುಗಿ ನೋಡಿದೆ. ನೆಟ್ಟಗೆ ಕೂತಿದ್ದಾರೆ, ಮುಖ ಗೋಲಿನ ಕಡೆಗೇ ಇದೆ, ಕಣ್ಣು ಬಿಗಿಯಾಗಿ ಮುಚ್ಚಿದೆ. ಕೆಳತುಟಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಾರೆ. ನಾನು ಹೇಳುತ್ತಾ ಹೋದೆ. ಬಲಗಡೆಯಿಂದ ಬಂತು, ನಮ್ಮವನು ಒದ್ದ, ಮತ್ತೆ ಅವರಿಗೇ ಸಿಕ್ಕಿತು, ಒಬ್ಬ ತಲೆ ಕೊಟ್ಟ, ನಮ್ಮ ಹುಡುಗ ಹಾರಿ ಬೆರಳ ತುದಿಯಲ್ಲಿ ಮೇಲೆ ತಳ್ಳಿದ. ಇನ್ನೊಂದು ಚೆಂಡು ಅವನ ಎದೆಗೆ ಬಂದು ಬಡಿದು ಕೈ ಜಾರಿತು. ಅದನ್ನು ನಾನು ಹೇಳಲಿಲ್ಲ, ನನ್ನ ದನಿಯೇ ನಿಂತಿತ್ತು. ಆ ಮೌನಕ್ಕೆ ಅವರ ಗಂಟಲಲ್ಲಿ ಏನೋ ಎದ್ದಿತು. ಹಲ್ಲು ತುಟಿಯನ್ನು ಬಿಡಲಿಲ್ಲ. ಹುಡುಗ ನೆಲಕ್ಕೆ ಬಿದ್ದು ಚೆಂಡನ್ನು ಹೊಟ್ಟೆಗೆ ಅವುಚಿಕೊಂಡ. ಹಿಡಿದ, ಹಿಡಿದ, ಹಿಡಿದ ಎಂದು ನಾನು ಮೂರು ಸಲ ಹೇಳಿದ್ದು ನೆನಪಿದೆ.

ಸೀಟಿ ಊದಿತು. ಒಂದು, ಒಂದು. ಉಳಿದೆವು. ಗೋಡೆಯ ಮೇಲಿದ್ದವರೆಲ್ಲ ಮೈದಾನಕ್ಕೆ ಹಾರಿದರು, ಆಟೋದವನೇ ಎಲ್ಲರಿಗಿಂತ ಮುಂದೆ ಓಡಿ ಹುಡುಗನನ್ನು ಹೆಗಲಿಗೆ ಎತ್ತಿಕೊಂಡ. ಗೌಡರು ಕಣ್ಣು ಬಿಟ್ಟಾಗ ಸೂರ್ಯ ಇರಲಿಲ್ಲ. ತುಟಿಯಲ್ಲಿ ರಕ್ತವಿತ್ತು, ಪಂಚೆಯ ಅಂಚಿನಿಂದ ಒರೆಸಿಕೊಂಡರು.

ಸ್ವಲ್ಪ ಹೊತ್ತಿಗೆ ಹುಡುಗ ಅವರನ್ನು ಹುಡುಕಿಕೊಂಡು ಜಗುಲಿಗೆ ಬಂದ. ಗೌಡರು ಡಬ್ಬಿ ಮುಂದಿಟ್ಟು, ತಿನ್ನು ಎಂದರು. ಅವನು, ನೀವು? ಎಂದು ಕೇಳಿದ.

"ನಂದು ಆಗಿದೆ," ಎಂದರು ಗೌಡರು.

ಹಿಂದಿನ ರಾತ್ರಿಯಿಂದ ಹೊಟ್ಟೆಗೆ ಏನೂ ಬಿದ್ದಿಲ್ಲ ಎಂದು ಪಂದ್ಯಕ್ಕೆ ಮೊದಲು ನನ್ನ ಹತ್ತಿರ ಹೇಳಿದ್ದ ಹುಡುಗ, ನಾಲ್ಕೂ ಚಪಾತಿ ತಿಂದ. ಗೌಡರು ಪಕ್ಕದಲ್ಲಿ ಕೂತು ನೋಡಿದರು. ಬಾಯಿಬಿಟ್ಟು ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ ಒಂದೇ ಸಂಜೆಗೆ ಎರಡು ಸುಳ್ಳಿಗೆ, ಮುಚ್ಚಿದ ಕಣ್ಣಿಗೂ ಉಣ್ಣದ ಊಟಕ್ಕೂ, ಸಾಕ್ಷಿಯಾಗಿ ನನ್ನನ್ನು ಇಟ್ಟುಕೊಂಡರು. ಡಬ್ಬಿ ತೊಳೆದು ಕೊಡುವಾಗ, ನಾಳೆ ಬೆಳಗಾಗುವ ತನಕ ತಡೆಯುತ್ತೀರಾ ಎಂದೆ. ಇಷ್ಟು ವರ್ಷ ಉಂಡದ್ದು ಎಲ್ಲಿಗೆ ಹೋಯಿತು ಎಂದು ನಕ್ಕು ಬಸ್ಸಿಗೆ ನಡೆದರು.

ಅದಾದ ಮೇಲೆ ಅವರು ಯಾವ ಪಂದ್ಯದಲ್ಲೂ ಮಧ್ಯದಲ್ಲಿ ಎದ್ದು ಹೋಗಲಿಲ್ಲ. ಬಿಡುವಿನಲ್ಲಿ ಊಟ, ಕೊನೆಯ ಹತ್ತು ನಿಮಿಷಕ್ಕೆ ಕಣ್ಣು ಮುಚ್ಚುವುದು, ನಾನು ಪಿಸುಗುಟ್ಟುವುದು. ನಾನು ನಿವೃತ್ತಿಯಾದ ಮೇಲೂ ಪಂದ್ಯದ ದಿನ ಹೋಗಿ ಕೂರುತ್ತಿದ್ದೆ, ಅವರಿಗೆ ಬೇರೆ ಕಣ್ಣು ಯಾರಿದ್ದರು? ಆಟೋದವನಿಗೂ ಗೊತ್ತಾಗಲಿಲ್ಲ. ಚಹಾದವನು ತಟ್ಟೆ ಹಿಡಿಯುವುದನ್ನು ಮತ್ತೆ ಶುರು ಮಾಡಿದ. ತಂಡ ಆಮೇಲೆ ದೊಡ್ಡದೇನನ್ನೂ ಗೆಲ್ಲಲಿಲ್ಲ, ಕೆಳಗೂ ಬೀಳಲಿಲ್ಲ.

ಆ ಹುಡುಗ ಡಿಗ್ರಿ ಮುಗಿಸಿ ಈಗ ಕಾಡಿನಲ್ಲಿ ವಾಚರ್ ಆಗಿದ್ದಾನೆ. ಭಾನುವಾರ ಬಂದು ಕಾಲೇಜಿನ ಗೋಲ್‌ಕೀಪರುಗಳಿಗೆ ಕಲಿಸುತ್ತಾನೆ. ಸಂತಾಪ ಸಭೆಯಲ್ಲಿ ಕೊನೆಗೆ ಮಾತಾಡಿದವನು ಅವನೇ, ಮಲಯಾಳದಲ್ಲಿ. ಅವತ್ತು ಕೊನೆಯ ಹತ್ತು ನಿಮಿಷ ಗೌಡರು ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದರು, ಆ ಕಣ್ಣು ಇದ್ದದ್ದಕ್ಕೇ ನಾನು ಬೀಳಲಿಲ್ಲ ಎಂದ. ಈಗಲೂ ಕಾಡಿನಲ್ಲಿ ಒಬ್ಬನೇ ನಡೆಯುವಾಗ ಹೆದರಿಕೆಯಾದರೆ ಆ ಕಣ್ಣು ನೆನೆಯುತ್ತೇನೆ ಎಂದ. ಸಭೆಯಲ್ಲಿ ಹಲವರು ಕಣ್ಣೊರೆಸಿಕೊಂಡರು. ಇಳಿದು ಬಂದು ನನ್ನ ಪಕ್ಕ ಕೂತು, ಅಲ್ವಾ ಟೀಚರ್, ನೀವೂ ಪಕ್ಕದಲ್ಲೇ ಇದ್ರಿ ಎಂದು ಕನ್ನಡದಲ್ಲಿ ಕೇಳಿದ.

ಹೌದಪ್ಪ, ನಿನ್ನನ್ನೇ ನೋಡ್ತಿದ್ರು ಎಂದೆ. ಗೌಡರ ಸುಳ್ಳುಗಳ ಜೊತೆ ನನ್ನದೂ ಒಂದು ಸೇರಿತು, ಬೇಸರವಿಲ್ಲ.

ಈಗ ಇದನ್ನೆಲ್ಲ ಬರೆದು ಅವರ ಗುಟ್ಟು ಬಿಟ್ಟುಕೊಟ್ಟೆಯಲ್ಲ ಎಂದು ಯಾರಾದರೂ ಕೇಳಬಹುದು. ಯೋಚಿಸಿಯೇ ಕನ್ನಡದಲ್ಲಿ ಬರೆದಿದ್ದೇನೆ. ಆ ಹುಡುಗ ಕನ್ನಡ ಆಡುತ್ತಾನೆ, ಕನ್ನಡದಲ್ಲೇ ನಗುತ್ತಾನೆ, ಹೆದರಿದರೆ ಕನ್ನಡದಲ್ಲೇ ಹೆದರುತ್ತಾನೆ. ಆದರೆ ಅವನು ಓದಿದ ಶಾಲೆಯಲ್ಲಿ ಇದ್ದದ್ದು ಮಲಯಾಳ. ಕನ್ನಡದ ಒಂದಕ್ಷರವೂ ಅವನಿಗೆ ಓದಲು ಬರುವುದಿಲ್ಲ.